ಬೀರು ಎರಡು ಸಲ ತೆಗೆದರು

ಬೇಡ ಬೇಡ, ನಿಂತ್ಕೊಂಡೇ ಮಾತಾಡೋದು ಬೇಡ ಟೀಚರಮ್ಮ. ಆ ಕ್ರೇಟು ಬೋರಲು ಹಾಕ್ಕೊಂಡು ಕೂತ್ಕೊಳಿ. ಒದ್ದೆ ಇಲ್ಲ, ಗೋಣಿ ಹಾಸಿದೀನಿ. ಹಾಂ... ನಾನು ಹೇಳ್ತಾ ಇದ್ದಿದ್ದು ಅಷ್ಟೇ. ನಿಮ್ಮ ಮಗಳು ಮೈತ್ರಿ ಕೇಸಲ್ಲಿ ನನ್ನ ಇನ್ನೂ ಕೋರ್ಟಿಗೆ ಕರೆದೇ ಇಲ್ಲ. ಸಮನ್ಸೇ ಬಂದಿಲ್ಲ. ಬಂದಿದ್ರೆ ನಿಮಗೆ ಹೇಳ್ದೆ ಇರ್ತಿದ್ನಾ? ಒಂದೇ ಬೀದಿಯವರು ನಾವು. ನಿಮ್ಮನೆ ಕುಕ್ಕರ್ ಕೂಗಿದ್ರೆ ನಮ್ಮನೇದು ಅಂದ್ಕೊಂಡು ಎದ್ದು ಹೋಗ್ತೀನಿ ನಾನು, ಅಷ್ಟು ಹತ್ರ.

ಕರೀಲಿ, ಹೋಗ್ತೀನಿ. ಹೋಗಿ ಇದ್ದಿದ್ದು ಇದ್ದಂಗೆ ಹೇಳ್ತೀನಿ. ಇನ್ನೇನು ಬೇಕು ನಿಮಗೆ?

ಯಾಕೆ ನಗ್ತೀರಿ?

ನಗ್ಲಿಲ್ವಾ... ಸರಿ ಬುಡಿ. ಬೆಳಿಗ್ಗೆಯಿಂದ ಬಗ್ಗಿ ಹೂ ಕಟ್ಟಿ ಕಟ್ಟಿ, ಎದುರಿಗಿರೋರ ಮುಖಾನೇ ಸರಿಯಾಗಿ ಕಾಣಲ್ಲ ನಂಗೆ ಈಗೀಗ. ನೀವು ಕೂತ್ಕೊಳಿ, ನಾನು ಕಟ್ತಾನೇ ಮಾತಾಡ್ತೀನಿ. ಶುಕ್ರವಾರ ಬೇರೆ. ಬನಶಂಕರಮ್ಮನ ಗುಡಿಗೆ ಹೋಗೋರೆಲ್ಲ ಇಲ್ಲೇ ಗಾಡಿ ನಿಲ್ಸಿ ತಗೊಂಡು ಹೋಗ್ತಾರೆ.

...ಏನಣ್ಣ? ಕನಕಾಂಬರ ಇವತ್ತು ಬಂದಿಲ್ಲ. ಕಾಕಡ ಇದೆ, ಸೇವಂತಿಗೆ ಇದೆ. ಬೇಕಿದ್ರೆ ತಗೊಳಿ, ಬೇಡ ಅಂದ್ರೆ ಬುಡಿ, ಹಿಸುಕ್ಬೇಡಿ ಹೂವ್ನ. ಹೋಗ್ಲಿ, ಹೋದ.

ನೋಡಿ ಟೀಚರಮ್ಮ, ಮೈತ್ರಿ ಎಂಥ ಹುಡುಗಿ ಅಂತ ನಂಗೆ ನೀವು ಹೇಳ್ಬೇಕಾ? ಹೊಸಕೆರೆಹಳ್ಳಿಯಿಂದ ಜಯನಗರಕ್ಕೆ ದಿನಾ ಎರಡು ಬಸ್ಸು ಹತ್ತಿ ಇಳಿದು, ಆ ಮುದುಕಮ್ಮನ ಮನೇಲಿ ಎರಡು ವರ್ಷ ನರ್ಸಾಗಿ ದುಡಿದ್ಲು. ಸ್ವಂತ ಸೊಸೆಯಂದಿರು ಮೂಗು ಮುಚ್ಕೊಂಡು ಓಡಾಡ್ತಿದ್ರಂತೆ, ಈ ಹುಡುಗಿ ಹೇಸಿಗೆ ಬಳಿದು ಸ್ನಾನ ಮಾಡಿಸಿ ತಲೆ ಬಾಚ್ತಿದ್ಲು. ಆ ಮುದುಕಮ್ಮನ ಎರಡು ಬಂಗಾರದ ಬಳೆ ಕಾಣ್ಲಿಲ್ಲ ಅಂದ ತಕ್ಷಣ ಎಲ್ಲರ ಕಣ್ಣೂ ಹೋಗಿದ್ದು ಇವಳ ಮೇಲೆ. ಸರ್ಕಾರಿ ಆಸ್ಪತ್ರೆ ನರ್ಸ್ ಕೆಲಸದ ಪಟ್ಟೀಲಿ ಹೆಸರು ಬಂದು ಇನ್ನೂ ಒಂದು ತಿಂಗಳಾಗಿರ್ಲಿಲ್ಲ, ಅಲ್ವಾ? ಈಗ ಶಿಕ್ಷೆ ಅಂತ ಆದ್ರೆ ಆ ಕೆಲಸ ಹೋಯ್ತು. ಕೆಲಸ ಹಾಳಾಗ್ಲಿ, ಜೈಲು. ಗೊತ್ತು ನಂಗೆ. ಗೊತ್ತಿಲ್ದೆ ಮಾತಾಡ್ತಾ ಇಲ್ಲ.

ನೀವೇನೋ ಅಂದ್ಕೊಂಡಿದೀರಿ, ಈ ಸಪ್ಪಲಮ್ಮ ಪೊಲೀಸ್ನೋರ ಕಡೆ ಹೆಂಗಸು ಅಂತ. ಬೀದೀಲೆಲ್ಲ ಹಂಗೇ ಅಂತಾರೆ, ಕಿವಿಗೆ ಬೀಳುತ್ತೆ. ನಾನು ಯಾರ ಕಡೆಯೂ ಅಲ್ಲ. ನನ್ನ ಹೂವಿನ ಬುಟ್ಟಿ ಸ್ಟೇಷನ್ ಎದುರಿಗಿದೆ, ಅಷ್ಟೇ ನಾನು ಮಾಡಿದ ಪಾಪ. ಪೊಲೀಸ್ನೋರು ಯಾರ ಮನೆ ತಪಾಸಣೆ ಮಾಡಿದ್ರೂ ಊರಿನೋರು ಇಬ್ರು ನಿಂತು ನೋಡ್ಬೇಕು, ನೋಡಿದ್ವಿ ಅಂತ ಮಹಜರಿಗೆ ಸೈನ್ ಹಾಕ್ಬೇಕು. ಪಂಚರು ಅಂತಾರೆ ಅದಕ್ಕೆ. ಹೆಣ್ಣುಮಕ್ಕಳ ಮನೆ ಅಂದ್ರೆ ಒಬ್ಬ ಹೆಂಗಸು ಇರ್ಲಿ ಅಂತಾರೆ. ಆ ಅಪಾರ್ಟ್‌ಮೆಂಟ್ ಮೇಡಂಗಳು ಬರ್ತಾರಾ? ಬಾಗಿಲೇ ತೆಗೆಯಲ್ಲ. ಕಾನ್‌ಸ್ಟೇಬಲ್ ಏಕಾಂತಯ್ಯ ರಸ್ತೆ ದಾಟಿ ಬರೋದು, ಸಪ್ಪಲಮ್ಮ ಇಲ್ಲೊಂದು ಸೈನ್ ಹಾಕು ಅನ್ನೋದು. ನಾನು ಹೂವಿನ ಕೈ ಸೀರೆಗೆ ಒರೆಸ್ಕೊಂಡು ಹಾಕೋದು.

ಯಾರು ಕಲ್ಸಿದ್ದು ಆ ಸೈನು? ನೀವೇ ಅಲ್ವಾ... ಹಂಗೆ ತಲೆ ತಗ್ಗಿಸ್ಬೇಡಿ, ಚುಚ್ಚೋಕೆ ಅಂತ ಅಂದಿದ್ದಲ್ಲ. ಬುದ್ಧ ವಿಹಾರದ ಹಿಂದಿನ ರೂಮಲ್ಲಿ ನೀವು ಸಂಜೆ ಕ್ಲಾಸ್ ಮಾಡ್ತಿದ್ರಿ. ನಂಗೆ ನಲವತ್ತು ದಾಟಿತ್ತು. ಎಲ್ಲ ನಗಾಡ್ತಿದ್ರು, ನೀವು ನನ್ನ ಕೈ ಮೇಲೆ ಕೈ ಇಟ್ಟು ತಿದ್ದಿಸಿದ್ರಿ. ರೇಷನ್ ಅಂಗಡೀಲಿ ಹೆಬ್ಬೆಟ್ಟು ಒತ್ತಿ ನೀಲಿ ಬೆರಳು ಹಿಡ್ಕೊಂಡು ಬರೋಳು, ಅವತ್ತು ಮೊದಲನೇ ಸಲ ಪೆನ್ನು ಕೇಳಿ ಇಸ್ಕೊಂಡೆ. ಅಳು ಬಂದಿತ್ತು ನಂಗೆ. ಮೊದಮೊದಲು ಈ ಏಕಾಂತಯ್ಯ ಬಂದು ಸೈನ್ ಕೇಳಿದಾಗ್ಲೂ ಹಂಗೇ ಖುಷಿ ಆಗ್ತಿತ್ತು ಟೀಚರಮ್ಮ, ಸುಳ್ಳು ಯಾಕೆ ಹೇಳ್ಲಿ. ಸರ್ಕಾರದ ಕಾಗದದ ಮೇಲೆ ನನ್ನ ಹೆಸರು. ಆ ಕಾಗದದಲ್ಲಿ ಮೇಲೆ ಏನಿದೆ ಅಂತ ಓದೋಷ್ಟು ಕಲ್ತಿರ್ಲಿಲ್ಲ, ಕೆಳಗೆ ಹೆಸರು ಬರೆಯೋಷ್ಟು ಕಲ್ತಿದ್ದೆ.

ಒಂದು ಸಲ ನಿಜ ಹೇಳಿದೀನಿ ನಾನು. ಹೌದು, ಕೋರ್ಟಲ್ಲೇ. ನಿಮಗೆ ಗೊತ್ತಿಲ್ಲ ಅದು. ಬೈಲಪ್ಪ ಅಂತ ಒಬ್ಬ ಇದ್ದ, ಬೈಕ್ ಕದ್ದ ಕೇಸು. ಅವನ ಮಹಜರಿಗೂ ನಾನೇ ಸೈನ್ ಹಾಕಿದ್ದೆ, ಇಲ್ಲೇ, ಈ ಬುಟ್ಟಿ ಮುಂದೆ ಕೂತು. ಕೋರ್ಟಲ್ಲಿ ಅವನ ಕಡೆ ಲಾಯರ್ರು ಕೇಳಿದ್ರು, ನೀನು ಅಲ್ಲಿಗೆ ಹೋಗಿದ್ಯೇನಮ್ಮ ಅಂತ. ಇಲ್ಲ ಸ್ವಾಮಿ, ಅಂಗಡೀಲೇ ಸೈನ್ ಹಾಕ್ದೆ ಅಂದ್ಬಿಟ್ಟೆ. ನಿಜ ತಾನೆ? ಅಷ್ಟಕ್ಕೇ ಸರ್ಕಾರಿ ಲಾಯರ್ರು ಎದ್ದು ನಿಂತು ಸಾಕ್ಷಿ ತಿರುಗಿಬಿದ್ಲು ಅಂದ್ರು. ಬೈಲಪ್ಪ ಬಿಡುಗಡೆ ಆದ. ತೀರ್ಪಲ್ಲಿ ನನ್ನ ಬಗ್ಗೆ ಏನು ಬರೆದ್ರು ಗೊತ್ತಾ? ಈ ಹೆಂಗಸು ಇಪ್ಪತ್ತೆರಡು ಕೇಸಲ್ಲಿ ಪಂಚಳಾಗಿದಾಳೆ, ಇವಳ ಮಾತು ನಂಬೋಕೆ ಯೋಗ್ಯ ಅಲ್ಲ ಅಂತ. ಏಕಾಂತಯ್ಯ ಬಂದು ಓದಿ ಹೇಳ್ದ. ಇಪ್ಪತ್ತೊಂದು ಸಲ ಸುಮ್ನೆ ತಲೆ ಆಡಿಸ್ದಾಗ ಯಾರೂ ಏನೂ ಅನ್ಲಿಲ್ಲ. ನಿಜ ಹೇಳಿದ್ದು ಒಂದು ಸಲ, ಅವತ್ತೇ ಸುಳ್ಳಿ ಅಂತ ಬರೆದ್ರು.

ಆಮೇಲೆ ಮೂರು ಸಲ ಲಾರಿ ಬಂತು, ಫುಟ್‌ಪಾತ್ ತೆರವು ಅಂತ. ಸುತ್ತ ಯಾರನ್ನೂ ಮುಟ್ಲಿಲ್ಲ, ನನ್ನ ಬುಟ್ಟಿ, ನನ್ನ ಕೊಡೆ, ಇದೇ ಕ್ರೇಟು. ಮೂರನೇ ಸಲ ಹೂವೆಲ್ಲ ರಸ್ತೆ ಮೇಲೆ ಚೆಲ್ಲಿ ಹೋದ್ರು, ಅದರ ಮೇಲೇ ಬಸ್ಸು ಹೋಯ್ತು. ನಾನು ಹೋಗಿ ಏಕಾಂತಯ್ಯನ ಕಾಲಿಗೆ ಬಿದ್ದೆ. ಬಿದ್ದೆ, ಅದರಲ್ಲೇನು ಮುಚ್ಚುಮರೆ.

ನೀವು ಕ್ಲಾಸಲ್ಲಿ ಹೇಳ್ತಿದ್ರಿ, ಹಕ್ಕು ಅಂತ. ಬೋರ್ಡ್ ಮೇಲೆ ದೊಡ್ಡದಾಗಿ ಬರೆದು ಎಲ್ಲರ ಕೈಲೂ ಓದಿಸ್ತಿದ್ರಿ. ಒಬ್ಬರ ಮನೆ, ಒಬ್ಬರ ಮೈ, ಒಬ್ಬರ ಮನಸ್ಸು ಅವರವರದ್ದು, ಕೇಳ್ದೆ ಯಾರೂ ಒಳಗೆ ಬರಂಗಿಲ್ಲ, ದೆಹಲಿ ದೊಡ್ಡ ಕೋರ್ಟೇ ಹೇಳಿದೆ ಅಂತ ಪೇಪರ್ ತಂದು ತೋರಿಸಿದ್ರಿ ಒಂದಿನ. ನಾವೆಲ್ಲ ಚಪ್ಪಾಳೆ ತಟ್ಟಿದ್ವಿ. ದೆಹಲೀಲಿ ಹೇಳಿದ್ದು ಹೊಸಕೆರೆಹಳ್ಳಿಗೆ ಬರೋಷ್ಟರಲ್ಲಿ ಏನಾಗುತ್ತೆ ಅಂತ ನೀವೂ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ.

ಈ ಸಲ ಏಕಾಂತಯ್ಯ ಬಂದೋನು, ಸಪ್ಪಲಮ್ಮ ಜೀಪು ಹತ್ತು ಅಂದ. ಇಲ್ಲೇ ಹಾಕ್ತೀನಿ ಕೊಡಪ್ಪ ಅಂದೆ. ಈಗ ಹಂಗೆ ನಡೆಯಲ್ಲ, ಕಾನೂನು ಬದಲಾಗಿದೆ, ತಪಾಸಣೆ ಪೂರ್ತಿ ಫೋನಲ್ಲಿ ವಿಡಿಯೋ ಮಾಡ್ಲೇಬೇಕು, ಇಲ್ದಿದ್ರೆ ಕೋರ್ಟಲ್ಲಿ ಕೇಸ್ ನಿಲ್ಲಲ್ಲ, ವಿಡಿಯೋದಲ್ಲಿ ನಿನ್ನ ಮುಖ ಕಾಣ್ಬೇಕು ಅಂದ. ಒಳ್ಳೇದೇ ಆಯ್ತು ಅಂದ್ಕೊಂಡೆ ಟೀಚರಮ್ಮ, ದೇವರಾಣೆಗೂ. ವಿಡಿಯೋ ಇದ್ಮೇಲೆ ಮೋಸ ಎಲ್ಲಿಂದ ನಡೆಯುತ್ತೆ ಅಂತ. ಯಾರ ಮನೆ ಅಂತ ನಂಗೆ ಗೊತ್ತಿರ್ಲಿಲ್ಲ. ಜೀಪು ನಮ್ಮ ಬೀದಿಗೇ ತಿರುಗ್ದಾಗ್ಲೇ ಗೊತ್ತಾಗಿದ್ದು.

ಮೈತ್ರಿನ ಬೆಳಿಗ್ಗೇನೇ ಸ್ಟೇಷನ್‌ಗೆ ಕರ್ಕೊಂಡು ಹೋಗಿದ್ರು. ನೀವು ಅಂಗನವಾಡೀಲಿ ಇದ್ರಿ. ಬಾಗಿಲಿಗೆ ಬೀಗ. ಒಡೀರಿ ಅಂದ್ರು ಇನ್‌ಸ್ಪೆಕ್ಟರ್ ಸಾಹೇಬ್ರು. ಆಗ ನಾನು... ನಾನೇ ಟೀಚರಮ್ಮ. ಒಡೀಬೇಡಿ ಸಾರ್, ಕೀ ನನ್ನ ಹತ್ರ ಇದೆ ಅಂದೆ. ನೀವು ದಿನಾ ಕೊಟ್ಟು ಹೋಗ್ತೀರಲ್ಲ, ಗ್ಯಾಸ್‌ನೋನು ಬಂದ್ರೆ ಇರ್ಲಿ ಅಂತ. ಬೀಗ ಒಡೆದ್ರೆ ಬಾಗಿಲು ಹಾಳಾಗುತ್ತೆ, ನಿಮ್ಮ ಓನರ್ ಸುಮ್ನೆ ಬಿಡಲ್ಲ, ನಿಮಗೆ ನಷ್ಟ ಆಗ್ಬಾರ್ದು ಅಂತ. ಅಷ್ಟೇ ನನ್ನ ತಲೇಲಿ ಇದ್ದಿದ್ದು. ಸೊಂಟದಿಂದ ಕೀ ತೆಗೆದು ನಾನೇ ಬೀಗ ತೆಗ್ದೆ. ಆಮೇಲೆ ಮಹಜರಲ್ಲಿ ಏನು ಬರೆದಿದಾರೆ ಗೊತ್ತಾ? ಮನೆಯ ಉಸ್ತುವಾರಿ ಇದ್ದವರು ಸ್ವಇಚ್ಛೆಯಿಂದ ಬಾಗಿಲು ತೆರೆದು ತೋರಿಸಿದರು ಅಂತ. ನಿಮಗೆ ಒಳ್ಳೇದಾಗ್ಲಿ ಅಂತ ಮಾಡಿದ್ದು ಹಂಗಾಯ್ತು.

ಹೆಣ್ಣುಮಕ್ಕಳ ಬಟ್ಟೆ ನಾವು ಮುಟ್ಟಲ್ಲ, ನೀನೇ ತೆಗಿ ಅಂದ್ರು. ದೊಡ್ಡ ಮರ್ಯಾದಸ್ತರ ಥರ. ಅವಳ ಒಳ ಬಟ್ಟೆ, ತಿಂಗಳಿನ ಬಟ್ಟೆ ಎಲ್ಲಾ ನನ್ನ ಕೈಲೇ ತೆಗೆಸಿ ಗಂಡಸರ ಮುಂದೆ ಹಾಸಿಗೆ ಮೇಲೆ ಹರವಿಸಿದ್ರು. ಒಂದು ನೋಟ್‌ಬುಕ್ ಸಿಕ್ತು. ಒಬ್ಬ ತೆಗೆದು ಜೋರಾಗಿ ಓದಿ ನಗ್ತಾ ಇದ್ದ. ಅದರಲ್ಲಿ ಏನಿತ್ತು ಅಂತ ನಾನು ನಿಮಗೂ ಹೇಳಲ್ಲ. ಅದು ಆ ಹುಡುಗಿ ತನಗೆ ಅಂತ ಬರ್ಕೊಂಡಿದ್ದು, ನನ್ನ ಕಿವಿಗೆ ಬೀಳಬಾರ್ದಿತ್ತು. ಜಾಮೀನು ಸಿಕ್ಕಿ ವಾಪಸ್ ಬಂದ್ಮೇಲೆ ಬೀದೀಲಿ ಮೈತ್ರಿ ಎದುರು ಬಂದ್ರೆ ನಾನೇ ಪಕ್ಕಕ್ಕೆ ಸರೀತೀನಿ.

ಬಳೆ? ಬಳೆ ಬೀರುನಲ್ಲೇ ಸಿಕ್ತು. ಅವಳ ಬಿಳಿ ಯೂನಿಫಾರಂ ಇತ್ತಲ್ಲ, ಅದರ ಮಡಿಕೇಲಿ, ಒಂದು ಕರವಸ್ತ್ರದಲ್ಲಿ ಸುತ್ತಿ. ನಾನೇ ನೋಡ್ದೆ. ಎರಡನೇ ಸಲ ತೆಗೆದಾಗ...

ಏನು? ಏನಂದೆ ನಾನು?

ಇಲ್ಲ, ತೆಗೆದಾಗ ಅಂದೆ. ಬೀರು ತೆಗೆದಾಗ.

...ಹಂಗೆ ನೋಡ್ಬೇಡಿ ಟೀಚರಮ್ಮ. ಕ್ಲಾಸಲ್ಲಿ ತಪ್ಪು ಬರೆದಾಗ ಹಿಂಗೇ ನೋಡ್ತಿದ್ರಿ, ಬೈಯ್ತಿರ್ಲಿಲ್ಲ, ನಾವೇ ಅಳಿಸೋ ತನಕ ನೋಡ್ತಾ ನಿಂತಿರ್ತಿದ್ರಿ.

ಎರಡು ಸಲ. ಹೌದು. ಬೀರು ಎರಡು ಸಲ ತೆಗೆದ್ರು. ಮೊದಲನೇ ಸಲ ಏನೂ ಇರ್ಲಿಲ್ಲ. ಆ ಯೂನಿಫಾರಂನ ನಾನೇ ಒದರಿದ್ದೆ, ಈ ಎರಡು ಕೈಲಿ. ಒಂದು ಸೇಫ್ಟಿ ಪಿನ್ ಬಿತ್ತು, ಅಷ್ಟೇ. ಸಾಹೇಬ್ರು ಮುಖ ಗಂಟು ಹಾಕ್ಕೊಂಡು ಎಲ್ಲಾ ವಾಪಸ್ ಮಡಚಿಡು ಅಂದ್ರು. ವಿಡಿಯೋ ಯಾಕೆ ಮಾಡ್ಲಿಲ್ಲ ಅಂತ ಒಬ್ಬನ್ನ ಬೈದ್ರು. ಅವನು ಚಾರ್ಜ್ ಇರ್ಲಿಲ್ಲ ಸಾರ್ ಅಂದ. ನನ್ನ ಹೊರಗೆ ಜಗಲಿ ಮೇಲೆ ಕೂರಿಸಿ ನೀರು ಕುಡಿ ಅಂದ್ರು. ಒಬ್ಬ ಜೀಪಿಗೆ ಹೋಗಿ ಬಂದ. ಆಮೇಲೆ ನನ್ನ ಒಳಗೆ ಕರೆದು, ಫೋನ್ ಹಿಡ್ದು, ಈಗ ತೆಗಿಯಮ್ಮ ಅಂದ್ರು. ತೆಗ್ದೆ. ಯೂನಿಫಾರಂ ಭಾರ ಇತ್ತು. ಕೈಗೇ ಗೊತ್ತಾಯ್ತು ಟೀಚರಮ್ಮ, ಕಣ್ಣಿಗಿಂತ ಮುಂಚೆ.

ಆ ಬಳೆ ಎಲ್ಲಿಂದ ಬಂತೋ, ಆ ಮನೆಯವರೇ ಕೊಟ್ರೋ, ಬೇರೆ ಯಾವನ ಹತ್ರ ಸಿಕ್ಕಿತ್ತೋ ನಂಗೆ ಗೊತ್ತಿಲ್ಲ. ಪ್ರಾಣ ಹೋದ್ರೂ ಗೊತ್ತಿಲ್ಲ. ಇನ್ನೊಬ್ಬ ಪಂಚ ಯಾರೋ ಆಟೋದೋನು, ಆಟೋ ಬಿಟ್ಟು ಇಳೀಲೇ ಇಲ್ಲ, ಕೂತಲ್ಲೇ ಸೈನ್ ಹಾಕಿ ಹೋದ. ನೋಡಿದ್ದು ನಾನೊಬ್ಬಳೇ. ಆ ವಿಡಿಯೋ ನೋಡಿದ್ರೆ ಯಾರಾದ್ರೂ ಏನಂತಾರೆ? ಎಲ್ಲಾ ಕಾನೂನು ಪ್ರಕಾರಾನೇ ಇದೆ. ಹೆಂಗಸು ಇದಾಳೆ, ಬಾಗಿಲು ಕೀಲಿ ಕೈಯಿಂದ ತೆಗೆದಿದಾರೆ, ಬಟ್ಟೆ ಹೆಂಗಸೇ ಮುಟ್ಟಿದಾಳೆ. ಮೊದಲು ನನ್ನ ಸೈನ್ ಸುಳ್ಳು ಅಂತ ಒಬ್ಬ ಲಾಯರ್ರು ಹೇಳಬಹುದಿತ್ತು. ಈಗ ನನ್ನ ಮುಖಾನೇ ಇದೆ ಅದರಲ್ಲಿ, ತಲೆ ಆಡಿಸ್ತಾ.

ಆಯ್ತು, ಹೇಳ್ಬಿಟ್ಟೆ. ಒಂದು ವರ್ಷದಿಂದ ಹೊಟ್ಟೇಲಿ ಇಟ್ಕೊಂಡಿದ್ದೆ. ಈಗ ಹೇಳಿದೀನಲ್ಲ... ಕೋರ್ಟಲ್ಲೂ ಹೇಳ್ತೀನಿ. ಕರೀಲಿ ನನ್ನ. ಲಾರಿ ಬಂದ್ರೆ ಬರ್ಲಿ, ಅಂಜನಾಪುರದಲ್ಲಿ ನನ್ನ ತಂಗಿ ಲಕ್ಷ್ಮಮ್ಮ ಇದಾಳೆ, ಅಲ್ಲಿ ಹೋಗಿ ಕೂತು ಹೂ ಮಾರ್ತೀನಿ. ಎರಡು ಸಲ ತೆಗೆದ್ರು ಸ್ವಾಮಿ, ಮೊದಲನೇ ಸಲ ಏನೂ ಇರ್ಲಿಲ್ಲ ಅಂತ ಜಡ್ಜಮ್ಮನ ಮುಖ ನೋಡ್ಕೊಂಡೇ ಹೇಳ್ತೀನಿ. ನೀವು ಮನಸ್ಸು ಗಟ್ಟಿ ಮಾಡ್ಕೊಳಿ. ಹೋಗಿ ಮೈತ್ರಿಗೂ ಹೇಳಿ, ಸಪ್ಪಲಮ್ಮ ಮಾತು ಕೊಟ್ಲು ಅಂತ. ಈಗ ಪರವಾಗಿಲ್ವಾ ಹುಡುಗಿ? ಜ್ವರ ಬಿಡ್ತಾ?

ಯಾಕೆ?

ಜ್ವರ ಅಂತ... ಬೀದೀಲಿ ಯಾರೋ ಅಂದ್ರಪ್ಪ. ಮಂಗಳವಾರ. ಯಾರು ಅಂತ ನೆನಪಿಲ್ಲ. ಆ ಲಾಯರ್ ಹುಡುಗಿ ಅಂತಿದ್ಲಲ್ಲ, ಆರೋಪಿಗೆ ಜ್ವರ, ಬರೋಕಾಗ್ಲಿಲ್ಲ ಅಂತ...

ಅಯ್ಯೋ.

ಜಡ್ಜಮ್ಮ ಅಂತ ಬೇರೆ ಅಂದೆ ನಾನು. ಕೋರ್ಟಿಗೇ ಹೋಗ್ದೆ ಇರೋಳಿಗೆ ಅಲ್ಲಿ ಕೂತಿರೋದು ಹೆಂಗಸು ಅಂತ ಹೆಂಗೆ ಗೊತ್ತಾಗುತ್ತೆ.

ಹೋಗಿದ್ದೆ ಟೀಚರಮ್ಮ. ಮಂಗಳವಾರ ಕರೆದಿದ್ರು. ಸಮನ್ಸ್ ಬಂದಿತ್ತು, ಸೈನ್ ಹಾಕಿ ಇಸ್ಕೊಂಡಿದ್ದೆ. ನಿಮಗೆ ಹೇಳ್ಲಿಲ್ಲ. ನಾನು ಹೇಳಿ ಬಂದಾಯ್ತು, ನಂದೇ ಕೊನೇ ಸಾಕ್ಷಿ, ಇನ್ನು ತೀರ್ಪೊಂದೇ ಬಾಕಿ ಅಂತ ಏಕಾಂತಯ್ಯ ಅಂದ. ಏನು ಹೇಳ್ದೆ ಅಂತ ಕೇಳಲ್ವಾ ನೀವು? ಸರ್ಕಾರಿ ಲಾಯರ್ರು ಕೇಳಿದ್ದಕ್ಕೆಲ್ಲ ಹೌದು ಅಂದೆ. ಬೀರು ತೆಗೆದ್ರಾ, ಹೌದು. ಬಳೆ ಸಿಕ್ತಾ, ಹೌದು. ವಿಡಿಯೋ ಹಾಕಿ ತೋರಿಸಿದ್ರು, ಇದು ನೀನೇನಾ ಅಂತ. ಹೌದು. ನಿಮ್ಮ ಲಾಯರ್ರು ಬಂದಿರ್ಲಿಲ್ಲ, ಆ ಚಿಕ್ಕ ಹುಡುಗಿನ ಕಳ್ಸಿದ್ರು. ಅವಳು ಇನ್ನೊಂದು ದಿನ ಕೊಡಿ ಮೇಡಂ, ನಮ್ಮ ಸೀನಿಯರ್ ಬಂದು ಇವರನ್ನ ಪ್ರಶ್ನೆ ಮಾಡ್ತಾರೆ ಅಂತ ಕೈ ಮುಗಿದ್ಲು. ಬೇಗ ಬೇಗ ಮುಗಿಸಿ ಅಂತ ಮೇಲಿನ ಕೋರ್ಟಿಂದ ಬಂದಿದೆಯಂತೆ. ಆಗಲ್ಲ ಅಂದ್ಬಿಟ್ರು ಜಡ್ಜಮ್ಮ. ಪ್ರಶ್ನೆ ಇಲ್ಲ ಅಂತ ಬರೆಸಿದ್ರು. ನನ್ನ ಒಬ್ಬರೂ ಏನೂ ಕೇಳ್ಲಿಲ್ಲ ಟೀಚರಮ್ಮ. ಕೇಳಿದ್ರೆ ಹೇಳ್ತಿದ್ದೆ. ಬೈಲಪ್ಪನ ಕೇಸಲ್ಲಿ ಕೇಳಿದ್ರು, ಹೇಳ್ದೆ. ಇಲ್ಲಿ ಕೇಳೋರೇ ಇರ್ಲಿಲ್ಲ, ನಾನೇನು ಮಾಡ್ಲಿ?

ಈಗ ಮತ್ತೆ ಕರೆಸಿದ್ರೆ? ಕರೆಸಬಹುದಂತೆ. ಬಂದು ನಿಜ ಹೇಳಿದ್ರೆ, ಮಂಗಳವಾರ ಸುಳ್ಳು ಹೇಳಿದ್ಯಾ ಅಂತ ನನ್ನೇ ಒಳಗೆ ಹಾಕ್ತಾರೆ. ಹಾಕ್ಲಿ ಅಂತಾನೇ ಇಟ್ಕೊಳಿ. ಇವಳ ಮಾತು ನಂಬೋಕೆ ಯೋಗ್ಯ ಅಲ್ಲ ಅಂತ ಮೊದಲೇ ಒಂದು ತೀರ್ಪಲ್ಲಿ ಬರೆದಿಟ್ಟಿದಾರಲ್ಲ. ನಾನು ಏನು ಹೇಳಿದ್ರೂ ಈಗ ಯಾರಿಗೂ ಉಪಯೋಗ ಇಲ್ಲ, ನಿಮಗಂತೂ ಇಲ್ಲ.

ನೀವ್ಯಾಕೆ ಏನೂ ಅಂತಾ ಇಲ್ಲ? ಬೈರಿ. ನಾಲ್ಕು ಜನರ ಮುಂದೆ ಬೈರಿ, ಕೇಳಿಸ್ಕೋತೀನಿ. ಬಂದು ಇಷ್ಟು ಹೊತ್ತಾಯ್ತು, ಒಂದು ಪ್ರಶ್ನೆ ಕೇಳ್ಲಿಲ್ಲ ನೀವು. ಯಾವತ್ತು ಕರೀತಾರೆ ಅಂತ ಕೇಳ್ಲಿಲ್ಲ. ಏನು ಹೇಳ್ತೀಯ ಅಂತ ಕೇಳ್ಲಿಲ್ಲ. ನಾನು ಸಮನ್ಸೇ ಬಂದಿಲ್ಲ ಅಂದಾಗ ಹೌದಾ ಅಂತಾನೂ ಅನ್ಲಿಲ್ಲ. ಈಗ ಹೇಳಿ ಬಂದೆ ಅಂದ್ರೂ ಬೆಚ್ಚಿ ಬೀಳ್ಲಿಲ್ಲ...

ನೀವು ಇದ್ರಿ.

ಎಲ್ಲಿ ಕೂತಿದ್ರಿ? ಬಾಗಿಲ ಹತ್ರಾನಾ? ನಾನು ತಲೆ ಎತ್ತಲೇ ಇಲ್ಲ, ಎದುರಿಗಿದ್ದ ಕಟಕಟೆ ಹಲಗೆ ನೋಡ್ತಾ ನಿಂತಿದ್ದೆ. ಮೈತ್ರಿಗೆ ಜ್ವರ ಅಂತ ಅವಳ ಬದಲು ನೀವು ಬಂದಿದ್ರಿ, ಅಲ್ವಾ? ಹಂಗಾದ್ರೆ ಎಲ್ಲಾ ಕೇಳಿಸ್ಕೊಂಡ್ರಿ. ಒಬ್ಬರೂ ಏನೂ ಕೇಳ್ಲಿಲ್ಲ ಅಂತ ಈಗ ಅಂದೆನಲ್ಲ, ಅದೂ ಸುಳ್ಳು ಅಂತ ನಿಮಗೆ ಗೊತ್ತು.

ಕೇಳಿದ್ರು. ಜಡ್ಜಮ್ಮ ಬರೆಸೋದು ನಿಲ್ಸಿ, ಕನ್ನಡಕ ತೆಗೆದು, ಬೇರೆ ಏನಾದ್ರೂ ಹೇಳೋದು ಇದ್ಯೇನಮ್ಮ ಅಂತ ಕೇಳಿದ್ರು. ಗದರಿಸಿ ಅಲ್ಲ, ಮೆತ್ತಗೆ ಕೇಳಿದ್ರು. ಹೆದರ್ಬೇಡ ಅಂತಾನೂ ಅಂದ್ರು. ಏಕಾಂತಯ್ಯ ಅಲ್ಲಿರ್ಲಿಲ್ಲ, ಹೊರಗೆ ಟೀ ಕುಡಿಯೋಕೆ ಹೋಗಿದ್ದ. ಲಾರಿ ನೆನಪಿಗೆ ಬಂತಾ ಅಂದ್ರೆ, ಅದೂ ಬರ್ಲಿಲ್ಲ ಟೀಚರಮ್ಮ. ನಿಂತು ನಿಂತು ಕಾಲು ನೋಯ್ತಿತ್ತು. ಬೇಗ ಮುಗೀಲಿ, ಮನೆಗೆ ಹೋಗೋಣ ಅನ್ನಿಸ್ತು.

ಇಲ್ಲ ಸ್ವಾಮಿ ಅಂದೆ.